ಹೇಮಾವತಿ ಯಾಕೆ ಮೇಲೆ ಬರಲಿಲ್ಲ: ಬ್ಯಾರೋಟ್ರಾಮಾ ಎಡಿಟರ್‌ನಲ್ಲಿ ಕಟ್ಟಿದ ಒಂದು ಸಬ್‌ಮರೀನ್‌ನ ಪ್ರಕರಣ

ಬಿದ್ದಿದ್ದು ಒಂದೇ ತೂತು, ಅದೂ ಹಾಲ್‌ನ ಕೆಳಗಿನ ಗೋಡೆಯಲ್ಲಿ. ರಿಯಾಕ್ಟರ್ ಸರಿಯಾಗಿ ಓಡುತ್ತಿತ್ತು. ಎಂಜಿನ್‌ಗೆ ಏನೂ ಆಗಿರಲಿಲ್ಲ. ಒಳಗಿದ್ದ ಐದೂ ಜನ ಬದುಕಿದ್ದರು. ಆದರೂ ಹೇಮಾವತಿ ಅನ್ನುವ ಆ ಸಬ್ ಕೆಳಗೆ ಹೋಗುತ್ತಲೇ ಇತ್ತು. ಕ್ಯಾಪ್ಟನ್ ಮೇಲಕ್ಕೆ ಎಷ್ಟು ಎಳೆದರೂ ಕೇಳಲಿಲ್ಲ.

ಬ್ಯಾರೋಟ್ರಾಮಾ ಅನ್ನುವ ಕಂಪ್ಯೂಟರ್ ಆಟದ ಎಡಿಟರ್‌ನಲ್ಲಿ ಸಬ್ ಕಟ್ಟುವವರಲ್ಲಿ ಹೆಚ್ಚಿನವರು ಮೊದಲು ಹೊರಗಿನ ಆಕಾರ ಬರೆಯುತ್ತಾರೆ, ಆಮೇಲೆ ಗನ್ ಇಡುತ್ತಾರೆ, ಉಳಿದ ಜಾಗದಲ್ಲಿ ಪಂಪು, ವೈರು ತುರುಕುತ್ತಾರೆ. ನನ್ನ ಪ್ರಕಾರ ಈ ಕ್ರಮವೇ ಉಲ್ಟಾ. ಒಳಗೆ ನುಗ್ಗಿದ ನೀರು ಎಲ್ಲಿಗೆ ಹೋಗುತ್ತದೆ, ಎಷ್ಟರ ಮೇಲೆ ನಿಲ್ಲುತ್ತದೆ, ಅದು ಮೊದಲು ಮುಟ್ಟುವ ವಸ್ತು ಯಾವುದು ಅನ್ನುವುದನ್ನು ತೀರ್ಮಾನ ಮಾಡದೆ ಒಂದು ಗೋಡೆಯನ್ನೂ ಎಳೆಯಬಾರದು. ಹೇಮಾವತಿ ಇದಕ್ಕೆ ಒಳ್ಳೆಯ ಉದಾಹರಣೆ. ಯಾಕೆಂದರೆ ಅದನ್ನು ಕಟ್ಟಿದ ಹುಡುಗ ದಡ್ಡನಲ್ಲ. ಬಹಳಷ್ಟನ್ನು ಸರಿಯಾಗಿಯೇ ಮಾಡಿದ್ದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬ್ಯಾರೋಟ್ರಾಮಾ ಫಿನ್ಲೆಂಡ್‌ನವರು ಮಾಡಿದ ಆಟ. 2019ರ ಜೂನ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ತಿ ಆಗುವ ಮೊದಲೇ ಆಡಲು ಬಿಟ್ಟ ರೂಪದಲ್ಲಿ ಬಂತು, 2023ರ ಮಾರ್ಚ್‌ನಲ್ಲಿ ಪೂರ್ಣ ಬಿಡುಗಡೆ ಆಯಿತು. ಗುರು ಗ್ರಹದ ಉಪಗ್ರಹ ಯುರೋಪಾ ಇದೆಯಲ್ಲ, ಅದರ ಮಂಜುಗಡ್ಡೆಯ ಕೆಳಗಿನ ಸಮುದ್ರದಲ್ಲಿ ಕಥೆ ನಡೆಯುತ್ತದೆ. ಆ ಸಮುದ್ರವನ್ನು ಇನ್ನೂ ಯಾರೂ ಇಳಿದು ನೋಡಿಲ್ಲ. ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿದೆ, ಗುರುವಿನ ಹತ್ತಿರ ತಲುಪುವುದು 2030ಕ್ಕೆ. ಆಟದಲ್ಲಿ ಸಬ್ಬನ್ನು ಪಕ್ಕದಿಂದ ಸೀಳಿದ ನಕ್ಷೆಯ ಹಾಗೆ ಎರಡು ಆಯಾಮದಲ್ಲಿ ನೋಡುತ್ತೀರಿ. ಹದಿನಾರು ಜನರ ತನಕ ಒಂದೇ ಸಬ್‌ನಲ್ಲಿ ಆಡಬಹುದು. ಒಬ್ಬರು ಕ್ಯಾಪ್ಟನ್, ಒಬ್ಬರು ಮೆಕ್ಯಾನಿಕ್, ಒಬ್ಬರು ಎಂಜಿನಿಯರ್, ಹೀಗೆ ಕೆಲಸ ಹಂಚಿಕೊಳ್ಳಬೇಕು. (ಯುರೋಪಾದ ಗುರುತ್ವ ನಮ್ಮ ಭೂಮಿಯ ಏಳನೇ ಒಂದು ಭಾಗದಷ್ಟು ಮಾತ್ರ. ಆಟದಲ್ಲಿ ಎಲ್ಲರೂ ಎಂ.ಜಿ. ರೋಡಲ್ಲಿ ನಡೆದ ಹಾಗೆ ನಡೆಯುತ್ತಾರೆ. ಅದನ್ನು ಪ್ರಶ್ನೆ ಮಾಡಬಾರದು.)

ಆಟದ ಜೊತೆಯಲ್ಲೇ ಸಬ್ ಎಡಿಟರ್ ಬರುತ್ತದೆ. ಕೆಲವರಿಗೆ ಅದೇ ಆಟ. ನಮ್ಮ ಗುಂಪಿನ ಹುಡುಗನಿಗೂ ಅಷ್ಟೇ.

ಗುಂಪು ಅಂದರೆ ಐದು ಜನ. ಕ್ಯಾಪ್ಟನ್ ಮೂಡಿಗೆರೆ ಕಡೆ ಕಾಫಿ ತೋಟ ನೋಡಿಕೊಳ್ಳುವವರು. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸುವಾಗ ಆಟಕ್ಕೆ ಸಿಗುವುದಿಲ್ಲ, ಜೋರು ಮಳೆ ಹಿಡಿದರೆ ಇಂಟರ್ನೆಟ್ ಸಿಗುವುದಿಲ್ಲ, ಉಳಿದ ದಿನ ಸಿಗುತ್ತಾರೆ. ಗನ್ ಹಿಡಿಯುವವರು ಚಿಕ್ಕಮಗಳೂರು ಟೌನ್‌ನಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಒಬ್ಬರು, ಹುಡುಗ ಅವರನ್ನು ಅಕ್ಕ ಅಂತಾನೆ. ಹಾಸನದಲ್ಲಿ ಮೂವರು: ಬೇಲೂರು ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಮಾವ, ಡಿಪ್ಲೊಮಾ ಓದುತ್ತಿರುವ ಆ ಮಾವನ ಅಕ್ಕನ ಮಗ (ಹೇಮಾವತಿ ಕಟ್ಟಿದ ಹುಡುಗ ಇವನೇ), ಮತ್ತು ನಾನು. ಮಾವ ಅನ್ನುವುದು ಹುಡುಗನಿಗೆ ಮಾತ್ರ ಸಲ್ಲುವ ಸಂಬಂಧ. ಈಗ ಎಲ್ಲರೂ ಹಾಗೇ ಕರೆಯುತ್ತೇವೆ. ಆಟದಲ್ಲೂ ಅವರು ಮೆಕ್ಯಾನಿಕ್ಕೇ. ನಾನು ಡಾಕ್ಟರ್, ಅಂದರೆ ಎಲ್ಲ ಮುಗಿದ ಮೇಲೆ ಹೆಣ ಎಣಿಸುವವನು. ಎಂಜಿನಿಯರ್ ಕೆಲಸ ಹುಡುಗನದ್ದು.

ಹುಡುಗ ಕಟ್ಟಿದ್ದು

ಹೇಮಾವತಿ ನೋಡಲು ಚೆಂದ ಇತ್ತು, ಅದನ್ನು ಒಪ್ಪಲೇಬೇಕು. ಉದ್ದ ಮೈ, ಇಳಿಜಾರಾದ ಮೂತಿ, ಎರಡು ಕಾಯಿಲ್‌ಗನ್, ಒಂದು ರೈಲ್‌ಗನ್. ಹಿಂದುಗಡೆ ಎಂಜಿನ್, ಅದರ ಪಕ್ಕ ರಿಯಾಕ್ಟರ್, ಮುಂದುಗಡೆ ಕ್ಯಾಪ್ಟನ್ ಕೋಣೆ. ನಡುವೆ ಒಂದು ದೊಡ್ಡ ಹಾಲ್. ಎರಡು ಅಂತಸ್ತಿನ ಎತ್ತರ, ಅಗಲ ಕಿಟಕಿಗಳು, ಮೇಜು, ಗಿಡ, ಲೈಟು. ಲೈಟ್ ಎಷ್ಟು ಹಾಕಿದ್ದ ಅಂದರೆ ಸೇವ್ ಮಾಡುವಾಗ ಎಡಿಟರ್ರೇ ಜಾಸ್ತಿ ಆಯಿತು ಅಂತ ಎಚ್ಚರಿಕೆ ಕೊಟ್ಟಿತ್ತು. ಒಬ್ಬರು ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಈ ಹಾಲ್ ದಾಟಲೇಬೇಕು. ಹಾಸನದ ಹಳೇ ತೊಟ್ಟಿ ಮನೆಯಲ್ಲಿ ಬೆಳೆದವನು, ನಡುವೆ ತೊಟ್ಟಿ ಇಲ್ಲದ ಮನೆ ಅವನಿಗೆ ಮನೆಯೇ ಅಲ್ಲ.

ಈ ಎಡಿಟರ್‌ನಲ್ಲಿ ಗೋಡೆ ಎಳೆದ ಮಾತ್ರಕ್ಕೆ ಕೋಣೆ ಆಗುವುದಿಲ್ಲ. ಗೋಡೆಯ ಒಳಗೆ ಹಲ್ ಅಂತ ಒಂದು ಕಾಣದ ಚೌಕವನ್ನು ಎಳೆಯಬೇಕು. ಗಾಳಿ, ನೀರು ಎಲ್ಲ ಲೆಕ್ಕ ಆಗುವುದು ಆ ಚೌಕದಲ್ಲಿ. ಎರಡು ಹಲ್‌ಗಳ ನಡುವೆ ನೀರು, ಗಾಳಿ ಹರಿಯಬೇಕಾದರೆ ಗ್ಯಾಪ್ ಇರಬೇಕು. ಬಾಗಿಲು ಹಾಕಿದರೆ ಗ್ಯಾಪ್ ತಾನಾಗಿ ಬರುತ್ತದೆ. ಆಮೇಲೆ ಆಕ್ಸಿಜನ್ ಜನರೇಟರ್‌ಗೆ ವೆಂಟ್‌ಗಳನ್ನು ಲಿಂಕ್ ಮಾಡಬೇಕು, ಬಾಟ್‌ಗಳು (ಕಂಪ್ಯೂಟರ್ ತಾನೇ ಆಡಿಸುವ ಸಿಬ್ಬಂದಿ) ಓಡಾಡಲು ವೇಪಾಯಿಂಟ್ ಹಾಕಬೇಕು, ಜನ ಹುಟ್ಟಿಕೊಳ್ಳಲು ಸ್ಪಾನ್ ಪಾಯಿಂಟ್ ಇಡಬೇಕು. ಇದೆಲ್ಲ ಹುಡುಗ ಅಚ್ಚುಕಟ್ಟಾಗಿ ಮಾಡಿದ್ದ.

ವೈರಿಂಗ್ ಕೂಡ ಕೆಲಸ ಮಾಡುತ್ತಿತ್ತು. ರಿಯಾಕ್ಟರ್‌ನಿಂದ ಜಂಕ್ಷನ್ ಬಾಕ್ಸ್‌ಗಳಿಗೆ, ಅಲ್ಲಿಂದ ಎಲ್ಲ ಕಡೆಗೆ ಕರೆಂಟು. ನ್ಯಾವಿಗೇಷನ್ ಟರ್ಮಿನಲ್‌ನ ವೆಲಾಸಿಟಿ ಎಕ್ಸ್ ಔಟ್ ಎಂಜಿನ್‌ನ ಸೆಟ್ ಫೋರ್ಸ್‌ಗೆ, ವೆಲಾಸಿಟಿ ವೈ ಔಟ್ ಬ್ಯಾಲಸ್ಟ್ ಪಂಪ್‌ಗಳ ಸೆಟ್ ಟಾರ್ಗೆಟ್ ಲೆವೆಲ್‌ಗೆ. ಅಂದರೆ ಕ್ಯಾಪ್ಟನ್ ಮುಂದಕ್ಕೆ ಅಂದರೆ ಎಂಜಿನ್ ತಿರುಗುತ್ತದೆ, ಕೆಳಕ್ಕೆ ಅಂದರೆ ಬ್ಯಾಲಸ್ಟ್ ತೊಟ್ಟಿಗೆ ನೀರು ತುಂಬುತ್ತದೆ, ಮೇಲಕ್ಕೆ ಅಂದರೆ ಖಾಲಿ ಆಗುತ್ತದೆ. ಮೇಲೆ ಕೆಳಗೆ ಮಾಡುವ ಕೆಲಸದಲ್ಲಿ ಎಂಜಿನ್‌ಗೆ ಪಾತ್ರವೇ ಇಲ್ಲ. ಪೂರ್ತಿ ನೀರಿನದ್ದೇ. ಟೆಸ್ಟ್ ಮೋಡ್‌ನಲ್ಲಿ ಓಡಿಸಿದಾಗ ಸಬ್ ಬೆಣ್ಣೆ ಹಾಗೆ ಹೋಯಿತು. ನಾವೆಲ್ಲ ಭೇಷ್ ಅಂದೆವು.

ಆದರೆ ಟೆಸ್ಟ್‌ನಲ್ಲಿ ನಾವು ನೋಡಿದ್ದು ಒಣಗಿದ ಸಬ್ಬನ್ನು.

ಮುಳುಗಿದ್ದು ಹೇಗೆ

ಸರಕು ಸಾಗಿಸುವ ಸಾಮಾನ್ಯ ಮಿಷನ್. ಅರ್ಧ ದಾರಿಯಲ್ಲಿ ಮಡ್‌ರ್ಯಾಪ್ಟರ್ ಅನ್ನುವ, ಸಬ್ ಮೇಲೆ ಬೀಳುವ ಪ್ರಾಣಿಗಳು ಬಂದವು. ಅಕ್ಕ ಹೆಚ್ಚಿನವನ್ನು ಹೊಡೆದುಹಾಕಿದರು. ಒಂದು ಮಾತ್ರ ಹೊಟ್ಟೆಯ ಕೆಳಗೆ ಸೇರಿಕೊಂಡಿತು. ಅಲ್ಲಿಗೆ ಯಾವ ಗನ್ನೂ ತಿರುಗುವುದಿಲ್ಲ. ಅದು ಗೋಡೆ ಕುಕ್ಕಿ ತೂತು ಮಾಡಿತು. ಹಾಲ್‌ಗೆ ನೀರು ಬರಲು ಶುರುವಾಯಿತು.

ಮಾವ ವೆಲ್ಡಿಂಗ್ ಟೂಲ್ ಹಿಡಿದು ಓಡಿದರು. ಡೈವಿಂಗ್ ಸೂಟ್‌ಗಳ ಕಪಾಟು ಇದ್ದಿದ್ದು ಅದೇ ಹಾಲ್‌ನಲ್ಲಿ. ಬಾಗಿಲು ತೆಗೆದ ಕೂಡಲೇ ನೀರು ಎಂಜಿನ್ ಕೋಣೆಗೂ ನುಗ್ಗಿತು. ಹುಡುಗ ಎದುರು ಬಾಗಿಲಿಂದ ಬಂದ, ಆ ಕಡೆಗೂ ಸ್ವಲ್ಪ ನೀರು ಹೋಯಿತು. ಕ್ಯಾಪ್ಟನ್ ಆಗಲೇ ಕೂಗುತ್ತಿದ್ದರು: "ಮೇಲಕ್ಕೆ ಎಳೀತಾ ಇದೀನಿ, ಬರ್ತಾ ಇಲ್ಲ ಕಣ್ರೋ!" ಸ್ವಲ್ಪ ಹೊತ್ತಿಗೆ ಅವರ ಸೋನಾರ್ ಪರದೆ ಕಪ್ಪಾಯಿತು. ಆಮೇಲೆ ಸಬ್ ಎಷ್ಟು ಆಳದಲ್ಲಿದೆ ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಎಲ್ಲ ಕಡೆ ಗೋಡೆ ಕಿರುಗುಟ್ಟಲು ಶುರುವಾದ ಮೇಲೆ. ಪ್ರತಿ ಸಬ್‌ಗೂ ಒಂದು ಆಳದ ಮಿತಿ ಇರುತ್ತದೆ, ಅದನ್ನು ದಾಟಿದರೆ ಒತ್ತಡಕ್ಕೆ ಗೋಡೆಗಳೇ ಒಡೆಯುತ್ತವೆ. ಮಾವ ಮೊದಲ ತೂತನ್ನು ವೆಲ್ಡ್ ಮಾಡಿ ಮುಗಿಸಿದ್ದರು. ಪ್ರಯೋಜನ ಆಗಲಿಲ್ಲ. ಅಷ್ಟರಲ್ಲಿ ಬೇರೆ ಕಡೆ ಹತ್ತಾರು ತೂತು.

ಆಮೇಲೆ ನಡೆದ ಪಂಚಾಯಿತಿಯಲ್ಲಿ ಒಬ್ಬೊಬ್ಬರದ್ದು ಒಂದೊಂದು ವಾದ. ಅಕ್ಕನ ಪ್ರಕಾರ ಗನ್ ಇಟ್ಟಿರುವ ಜಾಗ ಸರಿ ಇಲ್ಲ, ಹೊಟ್ಟೆ ಕೆಳಗೆ ಒಂದು ಗನ್ ಬೇಕು. ಹುಡುಗ, ಎಂಜಿನ್ ಪವರ್ ಸಾಲದು ಅಂದ. ಕ್ಯಾಪ್ಟನ್, ಬ್ಯಾಲಸ್ಟ್ ತೊಟ್ಟಿ ಚಿಕ್ಕದು, ದೊಡ್ಡದು ಮಾಡು ಅಂದರು. ಮೂರೂ ಕೇಳಲು ಸರಿ ಅನ್ನಿಸುತ್ತವೆ. ಗನ್ ವಿಷಯ ನಿಜವೂ ಹೌದು. ಆದರೆ ಎಷ್ಟೇ ಗನ್ ಇದ್ದರೂ ಒಂದಲ್ಲ ಒಂದು ದಿನ ತೂತು ಬೀಳುತ್ತದೆ. ಒಂದು ತೂತಿಗೆ ಸಾಯುವ ಸಬ್‌ಗೆ ಹತ್ತು ಗನ್ ಇಟ್ಟು ಏನು ಮಾಡುವುದು?

ಮಾವ ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ: "ಎಷ್ಟು ನೀರು ಬಂದ್ರೆ ಮುಳುಗುತ್ತೆ ಅಂತ ಲೆಕ್ಕ ಇದೆಯೇನ್ಲಾ?"

ಏಳು ಪರ್ಸೆಂಟ್

ಲೆಕ್ಕ ಇದೆ. ಸಬ್‌ನ ಎಲ್ಲ ಹಲ್‌ಗಳ ಒಟ್ಟು ಗಾತ್ರದಲ್ಲಿ 7 ಪರ್ಸೆಂಟ್ ನೀರಿದ್ದರೆ ಸಬ್ ಇದ್ದಲ್ಲೇ ನಿಲ್ಲುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಮೇಲೇಳುತ್ತದೆ, ಜಾಸ್ತಿ ಇದ್ದರೆ ಮುಳುಗುತ್ತದೆ. ಇದು ಆಟದೊಳಗೆ ಕೂಡಿಸಿಟ್ಟ ಅಂಕಿ. ಸಣ್ಣ ಸಬ್‌ಗೂ ಅದೇ, ದೊಡ್ಡ ಸಬ್‌ಗೂ ಅದೇ. ಗೋಡೆ ಕಬ್ಬಿಣದ್ದೋ ಗಾಜಿನದ್ದೋ, ಒಳಗೆ ಎಷ್ಟು ಸಾಮಾನು ತುಂಬಿದ್ದೀರೋ, ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ.

ಅದಕ್ಕೇ ಬ್ಯಾಲಸ್ಟ್ ತೊಟ್ಟಿಗಳು ಒಟ್ಟು ಗಾತ್ರದ ಸುಮಾರು 14 ಪರ್ಸೆಂಟ್ ಇರಲಿ ಅನ್ನುವುದು. ಆಗ ತೊಟ್ಟಿ ಅರ್ಧ ತುಂಬಿದಾಗ ಸಬ್ ನಿಲ್ಲುತ್ತದೆ. ನ್ಯಾವಿಗೇಷನ್ ಟರ್ಮಿನಲ್‌ನಲ್ಲಿ ನ್ಯೂಟ್ರಲ್ ಬ್ಯಾಲಸ್ಟ್ ಲೆವೆಲ್ ಅಂತ ಒಂದು ಅಂಕಿ ಇದೆ, ಅದು ಮೊದಲಿಂದ 0.5 ಇರುತ್ತದೆ, ಎರಡೂ ಹೊಂದುತ್ತವೆ. ಹೊಂದದಿದ್ದರೆ ಕ್ಯಾಪ್ಟನ್ ಕೈಬಿಟ್ಟ ಕೂಡಲೇ ಸಬ್ ತಾನಾಗಿ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಎಡಿಟರ್‌ನಲ್ಲಿ ಬ್ಯಾಲಸ್ಟ್ ಹಲ್‌ಗಳನ್ನು ಆಯ್ಕೆ ಮಾಡಿದರೆ ಆ ಅಂಕಿ ಎಷ್ಟಿರಬೇಕು ಅಂತ ತೋರಿಸುತ್ತದೆ. ಹುಡುಗ ಇದನ್ನು ನೋಡಿಯೇ ಮಾಡಿದ್ದ. ಬ್ಯಾಲಸ್ಟ್ 14, ಲೆವೆಲ್ 0.5, ಎಲ್ಲ ಸರಿ.

ಈಗ ಮಾವನ ಪ್ರಶ್ನೆಯನ್ನು ಅದರ ಪಕ್ಕ ಇಡಿ. ಅರ್ಧ ತುಂಬಿದ ತೊಟ್ಟಿಯಲ್ಲಿರುವ ನೀರು ಒಟ್ಟು ಗಾತ್ರದ 7 ಪರ್ಸೆಂಟ್. ಬೇರೆ ಕೋಣೆಗೆ ನೀರು ನುಗ್ಗಿದರೆ ಕ್ಯಾಪ್ಟನ್ ಮಾಡಬಹುದಾದ್ದು ಏನು? ಈ 7ನ್ನು ಹೊರಗೆ ಹಾಕಬಹುದು. ಅಷ್ಟೇ. ತೊಟ್ಟಿ ಪೂರ್ತಿ ಖಾಲಿ ಆದ ಮೇಲೆ ಹೊರಹಾಕಲು ಇನ್ನೇನೂ ಉಳಿದಿರುವುದಿಲ್ಲ. ಅಂದರೆ ಬೇರೆ ಕೋಣೆಗಳಲ್ಲಿ ಒಟ್ಟು 7 ಪರ್ಸೆಂಟ್‌ಗಿಂತ ಜಾಸ್ತಿ ನೀರು ನಿಂತರೆ ಆ ಸಬ್ ಮುಳುಗಲೇಬೇಕು. ಕ್ಯಾಪ್ಟನ್ ಎಂಥ ಜಾಣರಾದರೂ ಸರಿ.

ಹೇಮಾವತಿಯ ಹಾಲ್ ಎಷ್ಟು ದೊಡ್ಡದು ಅಂತ ನೋಡಿದೆವು. ಒಟ್ಟು ಗಾತ್ರದ 21 ಪರ್ಸೆಂಟ್.

ಮೂರನೇ ಒಂದು ಭಾಗ ತುಂಬಿದರೆ ಮುಗಿಯಿತು. ಎರಡು ಅಂತಸ್ತಿನ ಹಾಲ್‌ನಲ್ಲಿ ಮೂರನೇ ಒಂದು ಭಾಗ ಅಂದರೆ ಕೆಳಗೆ ನಿಂತವನ ತಲೆಯ ಹತ್ತಿರ ನೀರು, ಮೇಲಿನ ಅಂತಸ್ತಿನಲ್ಲಿ ನಿಂತವನಿಗೆ ಕಾಲೂ ಒದ್ದೆ ಆಗಿರುವುದಿಲ್ಲ. ನೋಡುವವರಿಗೆ ಇನ್ನೂ ಟೈಮ್ ಇದೆ ಅನ್ನಿಸುತ್ತದೆ. ಎಂಜಿನ್ ಕೋಣೆಗೆ ನುಗ್ಗಿದ ನೀರನ್ನು ಇದಕ್ಕೆ ಸೇರಿಸಿದರೆ ಇನ್ನೂ ಬೇಗ.

ಬರೀ ಲೆಕ್ಕ ನಂಬುವ ಗುಂಪಲ್ಲ ನಮ್ಮದು. ಎಫ್ 3 ಒತ್ತಿದರೆ ಕನ್ಸೋಲ್ ತೆರೆಯುತ್ತದೆ, ಅಲ್ಲಿ ಎಡಿಟ್‌ವಾಟರ್ ಅನ್ನುವ ಕಮಾಂಡ್ ಕೊಟ್ಟರೆ ಮೌಸ್‌ನಿಂದಲೇ ಬೇಕಾದ ಕೋಣೆಗೆ ನೀರು ಸುರಿಯಬಹುದು, ತೆಗೆಯಬಹುದು. ಸಬ್ ಕಟ್ಟುವವರು ಮೊದಲು ಕಲಿಯಬೇಕಾದ ಕಮಾಂಡ್ ಇದು, ಆದರೆ ಹೆಚ್ಚಿನವರು ಇದನ್ನು ತಮಾಷೆಗೆ ಬಳಸುತ್ತಾರೆ. ಬ್ಯಾಲಸ್ಟ್ ಖಾಲಿ ಮಾಡಿಸಿ ಹಾಲ್‌ಗೆ ನೀರು ಸುರಿಯುತ್ತಾ ಹೋದೆವು. ಮೂರನೇ ಒಂದು ಭಾಗದ ಹತ್ತಿರ ಸಬ್ ಮೇಲೇಳುವುದು ನಿಂತಿತು. ಇನ್ನೊಂದು ಚೂರು ಸುರಿದಾಗ ಇಳಿಯತೊಡಗಿತು.

ಕ್ಯಾಪ್ಟನ್ ಸುಲಭಕ್ಕೆ ಬಿಡುವವರಲ್ಲ. ಬ್ಯಾಲಸ್ಟ್ ಡಬಲ್ ಮಾಡಿ ನೋಡು ಅಂತ ಹಟ ಹಿಡಿದರು. ಅದನ್ನೂ ಮಾಡಿದೆವು. ತೊಟ್ಟಿ ಎರಡು ಪಟ್ಟಾಯಿತು, ಅದರಿಂದ ಒಟ್ಟು ಗಾತ್ರವೂ ಸ್ವಲ್ಪ ಬೆಳೆಯಿತು, ನ್ಯೂಟ್ರಲ್ ಲೆವೆಲ್ 0.28ರ ಹತ್ತಿರಕ್ಕೆ ಇಳಿಯಿತು. ಸಿಕ್ಕಿದ ಲಾಭ ನೋಡಿ: ಮೊದಲು ಹಾಲ್‌ನ ಮೂರನೇ ಒಂದು ಭಾಗಕ್ಕೆ ಸೋಲುತ್ತಿದ್ದ ಸಬ್ ಈಗ ಅದಕ್ಕಿಂತ ಕೊಂಚ ಮೇಲೆ ಸೋತಿತು. ಆದರೆ ಕೆಳಗೆ ಇಳಿಯುವುದು ಮಾತ್ರ ಕಲ್ಲು ಬಿದ್ದ ಹಾಗೆ ಆಯಿತು. ತೊಟ್ಟಿ ದೊಡ್ಡದಾದರೆ ಮುಳುಗುವ ಶಕ್ತಿ ಜಾಸ್ತಿ ಆಗುತ್ತದೆಯೇ ಹೊರತು ಏಳುವ ಶಕ್ತಿ ಅಲ್ಲ. ಏಳುವುದಕ್ಕೆ ಇರುವ ಗಂಟು ಯಾವತ್ತೂ ಆ 7 ಮಾತ್ರ.

ನಿಜವಾದ ಸಬ್‌ಮರೀನ್‌ಗಳ ವ್ಯವಸ್ಥೆ ಬೇರೆ. ಅಲ್ಲಿ ಮುಖ್ಯ ಬ್ಯಾಲಸ್ಟ್ ಟ್ಯಾಂಕುಗಳು ಒತ್ತಡ ತಡೆಯುವ ಒಳಮೈಯ ಹೊರಗೆ ಇರುತ್ತವೆ, ಮೇಲೇಳಬೇಕಾದರೆ ಕುಗ್ಗಿಸಿಟ್ಟ ಗಾಳಿ ಬಿಟ್ಟು ನೀರನ್ನು ತಳ್ಳುತ್ತಾರೆ. ಈ ಆಟದಲ್ಲಿ ತೊಟ್ಟಿಯೂ ಒಂದು ಕೋಣೆಯೇ, ಕೆಲಸ ಮಾಡುವುದು ಪಂಪು. ಪಂಪಿಗೆ ಕರೆಂಟು ಬೇಕು. ಎರಡನೇ ಸಮಸ್ಯೆ ಅಲ್ಲಿತ್ತು.

ಕರೆಂಟು ಎಲ್ಲಿಂದ ಬಂತು

ಲೆಕ್ಕದ ಪ್ರಕಾರ ಹೇಮಾವತಿ ಸ್ವಲ್ಪ ಹೊತ್ತಾದರೂ ತಡೆದು ನಿಲ್ಲಬೇಕಿತ್ತು. ತೊಟ್ಟಿ ಖಾಲಿ ಆಗುವ ತನಕವಾದರೂ ಸಬ್ ಏಳಲು ನೋಡಬೇಕಿತ್ತು. ಅದು ನೋಡಲೇ ಇಲ್ಲ. ಈ ವ್ಯತ್ಯಾಸವನ್ನು ಹಿಡಿದಿದ್ದು ಮಾವನೇ. ಸೋನಾರ್ ಯಾಕೆ ಕಪ್ಪಾಯಿತು ಅಂತ ಕೇಳಿದರು. ರಿಯಾಕ್ಟರ್ ಓಡುತ್ತಲೇ ಇತ್ತಲ್ಲ?

ಹುಡುಗ ವೈರಿಂಗ್ ಮೋಡ್ ತೆರೆದು ತೋರಿಸಿದ. ಎರಡೂ ಬ್ಯಾಲಸ್ಟ್ ಪಂಪ್‌ಗಳಿಗೆ, ನ್ಯಾವಿಗೇಷನ್ ಟರ್ಮಿನಲ್‌ಗೆ, ಮುಂದಿನ ಬಾಗಿಲುಗಳಿಗೆ ಕರೆಂಟು ಹೋಗುತ್ತಿದ್ದದ್ದು ಒಂದೇ ಜಂಕ್ಷನ್ ಬಾಕ್ಸ್‌ನಿಂದ. ಅದು ಇದ್ದಿದ್ದು ಹಾಲ್‌ನ ನೆಲಕ್ಕೆ ಅಂಟಿಕೊಂಡು, ಮೆಟ್ಟಿಲ ಕೆಳಗೆ. ಗೋಡೆ ಮೇಲೆ ಇಟ್ಟರೆ ಕಿಟಕಿಯ ಅಂದ ಕೆಡುತ್ತಿತ್ತಂತೆ.

ಜಂಕ್ಷನ್ ಬಾಕ್ಸ್ ನೀರಲ್ಲಿ ಮುಳುಗಿದರೆ ಈ ಆಟದಲ್ಲಿ ಕೆಡುತ್ತಾ ಹೋಗುತ್ತದೆ. ಎಂಜಿನಿಯರ್ ಸ್ಕ್ರೂಡ್ರೈವರ್ ಹಿಡಿದು ರಿಪೇರಿ ಮಾಡುತ್ತಲೇ ಇರಬೇಕು, ನೀರೊಳಗೇ ಇದ್ದರೆ ಮತ್ತೆ ಕೆಡುತ್ತದೆ.

"ಬಾವಿ ಒಳಗೆ ಸ್ಟಾರ್ಟರ್ ಇಟ್ಟಂಗಾಯ್ತು ಕಣ್ಲಾ," ಅಂದರು ಮಾವ. ದಿನಾ ಸುಟ್ಟ ಮೋಟಾರ್ ಬಿಚ್ಚುವವರು, ಇದನ್ನು ಬೈಗುಳದ ಹಾಗೆ ಹೇಳಲಿಲ್ಲ, ರೋಗ ಗುರುತಿಸಿದ ಹಾಗೆ ಹೇಳಿದರು.

ಕಥೆ ಪೂರ್ತಿ ಆಯಿತು. ನೀರು ಬಂತು, ಮೊದಲು ಮುಟ್ಟಿದ್ದು ಜಂಕ್ಷನ್ ಬಾಕ್ಸನ್ನು. ಬಾಕ್ಸ್ ಕೆಟ್ಟು ಬ್ಯಾಲಸ್ಟ್ ಪಂಪ್ ನಿಂತಿತು, ತೊಟ್ಟಿಯಲ್ಲಿದ್ದ ನೀರು ಅಲ್ಲೇ ಉಳಿಯಿತು. ಅಂದರೆ ನಮಗೆ ಆ 7 ಪರ್ಸೆಂಟೂ ಪೂರ್ತಿ ಸಿಗಲಿಲ್ಲ. ಹಾಲ್‌ನಲ್ಲಿ ನೀರು ಹೊರಗೆ ಹಾಕಲು ಪ್ರತ್ಯೇಕ ಪಂಪ್ ಇರಲಿಲ್ಲ, ಇದ್ದಿದ್ದರೂ ಅದೇ ಬಾಕ್ಸ್‌ನಿಂದ ವೈರ್ ಎಳೆದಿರುತ್ತಿದ್ದ. ಎಂಜಿನ್ ಎಷ್ಟು ದೊಡ್ಡದಿದ್ದರೂ, ಹೊಟ್ಟೆ ಕೆಳಗೆ ಗನ್ ಇದ್ದರೂ ಈ ಸರಪಳಿ ತುಂಡಾಗುತ್ತಿರಲಿಲ್ಲ.

ಹುಡುಕುವಾಗ ಇನ್ನೊಂದು ಸಿಕ್ಕಿತು. ಹಲ್ ಅನ್ನುವುದು ಯಾವಾಗಲೂ ನೇರ ಚೌಕ, ಓರೆ ಮಾಡಲು ಆಗುವುದಿಲ್ಲ. ಇಳಿಜಾರಾದ ಮೂತಿಯೊಳಗೆ ಹುಡುಗ ಒಂದೇ ಚೌಕ ಎಳೆದಿದ್ದ, ತುದಿಯಲ್ಲಿ ತ್ರಿಕೋನದಷ್ಟು ಜಾಗ ಹಾಗೇ ಬಿಟ್ಟುಹೋಗಿತ್ತು. ಹಲ್ ಇಲ್ಲದ ಜಾಗಕ್ಕೆ ಕಾಲಿಟ್ಟರೆ ಆಟದ ಲೆಕ್ಕದಲ್ಲಿ ನೀವು ಸಮುದ್ರದಲ್ಲಿದ್ದೀರಿ. ಆಳದಲ್ಲಿ ಸೂಟ್ ಇಲ್ಲದೆ ಹಾಗೆ ಆದರೆ ಒತ್ತಡಕ್ಕೆ ಸಾವು. ಆಟದ ಹೆಸರೇ ಅದರ ಮೇಲೆ ಇರುವುದು, ಬ್ಯಾರೋಟ್ರಾಮಾ ಅಂದರೆ ಒತ್ತಡದಿಂದ ದೇಹಕ್ಕೆ ಆಗುವ ಪೆಟ್ಟು. ಯಾರೂ ಅಲ್ಲಿಗೆ ಹೋಗಿರಲಿಲ್ಲ, ಬಚಾವು. ಸಣ್ಣ ಸಣ್ಣ ಚೌಕಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿ, ಒಂದಕ್ಕೊಂದು ಲಿಂಕ್ ಮಾಡಿ ಒಂದೇ ಕೋಣೆ ಅಂತ ಮಾಡಿದರೆ ಸರಿ ಹೋಗುತ್ತದೆ. ಹತ್ತು ನಿಮಿಷದ ಕೆಲಸ.

ಒಡೆದು ಕಟ್ಟಿದ್ದು

ಹಾಲ್ ಒಡೆಯುವುದಕ್ಕೆ ಹುಡುಗ ಒಪ್ಪಲಿಲ್ಲ. ಅವನ ಮನಸ್ಸಿನಲ್ಲಿ ಸಬ್ ಅಂದರೆ ಆ ಹಾಲ್. ಇಲ್ಲಿ ಅಕ್ಕ ಒಂದು ಮಾತು ಹೇಳಿದರು. ಅವರು ವಿಶಾಖಪಟ್ಟಣದಲ್ಲಿ ಐಎನ್ಎಸ್ ಕುರ್ಸುರಾ ಒಳಗೆ ಹೋಗಿ ಬಂದಿದ್ದಾರೆ. 1969ರಲ್ಲಿ ನೌಕಾಪಡೆ ಸೇರಿದ ಸೋವಿಯತ್ ಸಬ್‌ಮರೀನ್, ಈಗ ಸಮುದ್ರದ ದಡದಲ್ಲಿ ಮ್ಯೂಸಿಯಂ. ಉದ್ದ 90 ಮೀಟರ್ ಮೀರಿದೆ, ಆದರೆ ಒಳಗೆ ಎಲ್ಲೂ ನೆಟ್ಟಗೆ ಹತ್ತು ಹೆಜ್ಜೆ ನಡೆಯಲು ಬಿಡುವುದಿಲ್ಲ. ಒಂದು ವಿಭಾಗದಿಂದ ಇನ್ನೊಂದಕ್ಕೆ ದಪ್ಪ ಗೋಡೆ, ಅದರಲ್ಲಿ ದುಂಡನೆಯ ಕಿಂಡಿ ಬಾಗಿಲು, ಬಗ್ಗಿ ಕಾಲು ಎತ್ತಿ ದಾಟಬೇಕು. "ಸೀರೇಲಿ ಬಂದೋರ ಪಾಡು ನೋಡ್ಬೇಕಿತ್ತು. ಅಷ್ಟು ಕಷ್ಟ ಕೊಟ್ಟು ಕಟ್ಟಿದ್ದಾರೆ ಅಂದ್ರೆ ಕಾರಣ ಇರುತ್ತಲ್ವಾ?" ಅಂದರು.

ಹುಡುಗ ಅರ್ಧ ಮನಸ್ಸಿಂದ ಮೂರು ಭಾಗ ಮಾಡುತ್ತೇನೆ ಅಂದ. 21ನ್ನು ಮೂರು ಮಾಡಿದರೆ ತಲಾ 7. ಮಾವ ತಲೆ ಅಲ್ಲಾಡಿಸಿದರು. ಒಂದು ಕೋಣೆ ಪೂರ್ತಿ ತುಂಬಿದರೆ ತೊಟ್ಟಿ ಖಾಲಿ ಮಾಡಿ ಇದ್ದಲ್ಲೇ ನಿಲ್ಲಬಹುದು, ಏಳುವುದಕ್ಕೆ ಆಗುವುದಿಲ್ಲ. ಪಕ್ಕದ ಕೋಣೆಗೆ ಒಂದು ಬಕೆಟ್ ಚೆಲ್ಲಿದರೂ ಇಳಿಯುತ್ತದೆ. ಹಾಗಾಗಿ ನಾಲ್ಕು ಮಾಡಿದರು: ಕೆಳಗೆ ಎರಡು, ಮೇಲೆ ಎರಡು, ತಲಾ 5ರ ಆಸುಪಾಸು. ಒಂದು ತುಂಬಿದರೂ 2 ಉಳಿಯುತ್ತದೆ, ನಿಧಾನಕ್ಕೆ ಮೇಲೇಳಬಹುದು. ಎರಡು ತುಂಬಿದರೆ ಮುಳುಗುತ್ತದೆ, ಆದರೆ ಮೆಲ್ಲಗೆ. ವೆಲ್ಡಿಂಗ್‌ಗೆ ಸಮಯ ಸಿಗುತ್ತದೆ.

ಇಲ್ಲಿ ನನ್ನದೊಂದು ಅಭಿಪ್ರಾಯ. ಕೆಲವರು ಇದೇ ತತ್ವ ಹಿಡಿದು ಸಬ್ಬನ್ನು ಇಪ್ಪತ್ತು ಗೂಡು ಮಾಡುತ್ತಾರೆ. ಅದೂ ಆಟಕ್ಕೆ ಬರುವುದಿಲ್ಲ. ಪ್ರತಿ ಬಾಗಿಲೂ ಓಡುವವನನ್ನು ತಡೆಯುತ್ತದೆ, ತೆಗೆದಾಗ ನೀರು ಬಿಡುತ್ತದೆ. ಬಾಟ್‌ಗಳಂತೂ ಏಣಿ ಮತ್ತು ಹ್ಯಾಚ್ ಸೇರುವ ಕಡೆ ಸಿಕ್ಕಿಹಾಕಿಕೊಳ್ಳುತ್ತವೆ. ವೇಪಾಯಿಂಟ್ ತಾನಾಗಿ ಹಾಕುವ ಬಟನ್ ಎಡಿಟರ್‌ನಲ್ಲಿ ಇದೆ, ಆದರೆ ಅದು ಹಾಕಿದ್ದನ್ನು ಒಂದೊಂದಾಗಿ ನೋಡಿ ಬಾಗಿಲಿಗೆ, ಏಣಿಗೆ ಸರಿಯಾಗಿ ಸೇರಿದೆಯಾ ಅಂತ ತಿದ್ದಲೇಬೇಕು. ದೊಡ್ಡ ಕೋಣೆಗಳನ್ನು ಮಾತ್ರ ಒಡೆದರೆ ಸಾಕು. 5 ಪರ್ಸೆಂಟ್ ಮೀರಿದ ಕೋಣೆ ಇದ್ದರೆ ಅದಕ್ಕೆ ಒಂದು ಕಾರಣ ಕೇಳಿ. ಉತ್ತರ ಸಿಗದಿದ್ದರೆ ಒಡೆಯಿರಿ.

ಕೆಳಗಿನ ಎರಡು ಕೋಣೆಗಳಲ್ಲಿ ನೀರು ಹೊರಹಾಕುವ ಸಣ್ಣ ಪಂಪ್ ಬಂದವು. ನೆಲದ ಹತ್ತಿರ ವಾಟರ್ ಡಿಟೆಕ್ಟರ್ ಇಟ್ಟು ಅದರ ಸಿಗ್ನಲ್ ಔಟನ್ನು ಪಂಪ್‌ನ ಸೆಟ್ ಆಕ್ಟಿವ್‌ಗೆ ಕೊಟ್ಟರು, ಪಂಪ್ ವೇಗ ಮೈನಸ್ 100. ಮೈನಸ್ ಅಂದರೆ ಹೊರಕ್ಕೆ. ನೀರು ತಾಗಿದರೆ ತಾನಾಗಿ ಓಡುತ್ತದೆ, ಒಣಗಿದರೆ ನಿಲ್ಲುತ್ತದೆ. ಬೇಸಿಗೆಯಲ್ಲಿ ತೊಟ್ಟಿ ತುಂಬಿದಾಗ ಮೋಟಾರ್ ನಿಲ್ಲಿಸುವ ಸೆನ್ಸಾರ್ ಮಾರುವ ಮಾವನಿಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ, ಈ ಒಂದು ಕಡೆ ಎಡಿಟರ್ ಮುಂದೆ ಅವರೇ ಕೂತು ವೈರ್ ಎಳೆದರು.

ಜಂಕ್ಷನ್ ಬಾಕ್ಸ್‌ಗಳೆಲ್ಲ ಮೇಲಿನ ಅಂತಸ್ತಿನ ಸೂರಿಗೆ ಹೋದವು. ಬ್ಯಾಲಸ್ಟ್ ಪಂಪ್‌ಗಳಿಗೆ ಬೇರೆಯೇ ಬಾಕ್ಸ್, ನ್ಯಾವಿಗೇಷನ್‌ಗೆ ಬೇರೆ. ಅದರ ಜೊತೆಗೆ ಒಂದು ಬ್ಯಾಟರಿ, ರಿಯಾಕ್ಟರ್ ಆಫ್ ಆದರೂ ಬ್ಯಾಲಸ್ಟ್ ಖಾಲಿ ಮಾಡುವಷ್ಟು. ಡೈವಿಂಗ್ ಸೂಟ್‌ಗಳನ್ನು ಒಂದೇ ಕಡೆ ಇಡದೆ ಮುಂದೆ ಎರಡು, ಹಿಂದೆ ಎರಡು ಇಟ್ಟರು. ಹೊಟ್ಟೆ ಕೆಳಗೆ ಒಂದು ಕಾಯಿಲ್‌ಗನ್ ಕೂಡ ಬಂತು. ಅಕ್ಕ ಕೇಳಿದ್ದರಲ್ಲ.

ಮತ್ತೆ ನೀರಿಗೆ

ಈ ಸಲ ಟೆಸ್ಟ್ ಮೋಡ್‌ನಲ್ಲಿ ಒಣ ಸಬ್ ಓಡಿಸುವುದಕ್ಕೆ ಸಮಯ ಹಾಳು ಮಾಡಲಿಲ್ಲ. ನೇರ ಕನ್ಸೋಲ್, ಎಡಿಟ್‌ವಾಟರ್. ಒಂದೊಂದು ಕೋಣೆಯನ್ನೂ ಸರದಿಯಲ್ಲಿ ಸೂರಿನ ತನಕ ತುಂಬಿಸಿ, ಕ್ಯಾಪ್ಟನ್‌ಗೆ ಮೇಲಕ್ಕೆ ಎಳೆಯಲು ಹೇಳಿದೆವು. ರಿಯಾಕ್ಟರ್ ಕೋಣೆ ಒಂದು ಬಿಟ್ಟು ಉಳಿದ ಎಲ್ಲ ಪಾಸಾದವು. ರಿಯಾಕ್ಟರ್ ಕೋಣೆ 8 ಪರ್ಸೆಂಟ್ ಇತ್ತು. ಹುಡುಗ ಗೊಣಗುತ್ತಾ ಅದರಲ್ಲೂ ಒಂದು ಗೋಡೆ ಎಳೆದ.

ಮಿಷನ್‌ಗೆ ಹೋದಾಗ ಮತ್ತೆ ತೂತು ಬಿತ್ತು. ಬೀಳದೆ ಇರುತ್ತದೆಯೇ? ಕೆಳಗಿನ ಒಂದು ಕೋಣೆ ತುಂಬಿತು. ಬಾಗಿಲು ಮುಚ್ಚಿಯೇ ಇತ್ತು. ಸಬ್ ಸ್ವಲ್ಪ ಕುಸಿಯಿತು, ಬ್ಯಾಲಸ್ಟ್ ಖಾಲಿ ಆಗುತ್ತಾ ಬಂತು, ಆಮೇಲೆ ನಿಂತಿತು. ಮಾವ ಸೂಟ್ ಹಾಕಿಕೊಂಡು ಆರಾಮಾಗಿ ಹೋಗಿ ವೆಲ್ಡ್ ಮಾಡಿದರು, ಪಂಪ್ ಕೋಣೆಯನ್ನು ಒಣಗಿಸಿತು, ಸರಕು ತಲುಪಿತು. ನನಗೆ ಕೆಲಸವೇ ಇರಲಿಲ್ಲ.

ಆದರೆ ಪ್ರಕರಣ ಪೂರ್ತಿ ಮುಗಿದಿಲ್ಲ. ಇನ್ನೊಂದು ಮಿಷನ್‌ನಲ್ಲಿ ಬಾಟ್ ಒಂದು ತುಂಬಿದ ಕೋಣೆಯ ಬಾಗಿಲನ್ನು ತೆಗೆದು, ಅಲ್ಲೇ ನಿಂತು, ಎರಡು ಕೋಣೆಗೂ ನೀರು ಹಂಚಿತು. ಹುಡುಗ ಈಗ ಬಾಗಿಲುಗಳಿಗೂ ವಾಟರ್ ಡಿಟೆಕ್ಟರ್ ಜೋಡಿಸಿ ನೀರಿದ್ದರೆ ತೆರೆಯದ ಹಾಗೆ ಮಾಡಬೇಕು ಅಂತಾನೆ. ಮಾವ ಬೇಡ ಅಂತಾರೆ: ಒಳಗೆ ಮನುಷ್ಯ ಸಿಕ್ಕಿಕೊಂಡರೆ ಏನು ಮಾಡ್ತೀಯಾ? ಅದಕ್ಕೆ ಹುಡುಗ, ಕೋಣೆಯೊಳಗಿಂದ ಒಂದು ಬಟನ್ ಇಡುತ್ತೇನೆ ಅಂದ. ಬಟನ್‌ಗೆ ಕರೆಂಟು ಯಾವ ಬಾಕ್ಸ್‌ನಿಂದ ಅಂತ ಮಾವ ಕೇಳಿದ್ದಾರೆ. ಹುಡುಗ ಇನ್ನೂ ಉತ್ತರ ಕೊಟ್ಟಿಲ್ಲ.